ಕಾವಿಗೆ ಕೂತವನು

ಮ್ಯೂಸಿಯಂನ ಹಕ್ಕಿ ವಿಭಾಗದಲ್ಲಿ ಸತ್ತ ಹಕ್ಕಿಗಳ ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುವುದು ಅವಳ ಕೆಲಸ. ಕೈ ಎಷ್ಟು ನಿಧಾನವೋ ಮನಸ್ಸು ಅಷ್ಟೇ ಅವಸರದ್ದು. ಅರ್ಧ ಗಂಟೆ ಒಂದೇ ಕಡೆ ಕೂತರೆ ಕಾಲಡಿ ಕೆಂಡ ಇಟ್ಟಂತೆ ಎದ್ದುಬಿಡುವಳು. ಕೆಲಸ ಕಲಿಸಿದ ಮೇಷ್ಟ್ರು ಅದಕ್ಕೇ ಅವಳನ್ನು ‘ಚಡಪಡಿ’ ಎಂದು ಕರೆಯುತ್ತಿದ್ದರು. ಈಗ ಅವರು ನಿವೃತ್ತರು, ಎಂಬತ್ತು ದಾಟಿದವರು. ಅವರ ಹಕ್ಕಿ ಪುಸ್ತಕದ ಮೂರನೆಯ ಮುದ್ರಣ ಅಚ್ಚಿಗೆ ಹೋಗುವುದರಲ್ಲಿತ್ತು. ಅದರೊಳಗಿನ ಅಳತೆಗಳನ್ನು ಇನ್ನೊಮ್ಮೆ ತಾಳೆ ನೋಡುವ ಹೊಣೆ ಅವಳ ತಲೆಗೆ ಬಂದಿತ್ತು.

ಕೆಂಬೂತದ ಡ್ರಾಯರ್ ಎಳೆದ ದಿನವೇ ನೆಮ್ಮದಿ ಕೆಟ್ಟಿತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಉದ್ದ ಬಾಲ. ಇಪ್ಪತ್ತೆರಡು ಹಕ್ಕಿಗಳು ಸಾಲಾಗಿ ಬೆನ್ನಡಿಯಾಗಿ ಮಲಗಿದ್ದವು. ಐದರ ಚೀಟಿಯ ಮೇಲೆ ಮೇಷ್ಟ್ರ ಉರುಟು ಅಕ್ಷರ: ‘ಹೆಣ್ಣು. ಕಾವಿಗೆ ಕೂತಿತ್ತು.’ ಕೆಂಬೂತದಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ, ಆದರೆ ಹೆಣ್ಣು ಗಾತ್ರದಲ್ಲಿ ದೊಡ್ಡದು. ಹಾಗೆಂದು ಬರೆದವರೂ ಮೇಷ್ಟ್ರೇ. ಅವಳು ಐದರ ರೆಕ್ಕೆಗಳನ್ನೂ ಅಳೆದಳು. ಐದೂ ಗಂಡಿನ ಅಳತೆಗೆ ಸರಿಯಾಗಿ ಕೂತವು. ಅಳತೆಪಟ್ಟಿಯೇ ಕೆಟ್ಟಿದೆಯೇನೋ ಎಂದು ಇನ್ನೊಂದನ್ನು ತಂದು ಅಳೆದಳು. ಅದೂ ಅದೇ ಹೇಳಿತು.

ಅವಳ ಅಣ್ಣ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್. ಡಿಪೋದ ಹಿಂದೆ, ಹಳೆ ಟೈರು ಒಟ್ಟಿದ ಜಾಗದಾಚೆ, ಮುಳ್ಳುಪೊದೆ ಬೆಳೆದು ಗೋಡೆಯಂತಾಗಿತ್ತು. ಅದರಲ್ಲಿ ಕೆಂಗಣ್ಣಿನ ಹಕ್ಕಿಯೊಂದು ಹುಲ್ಲು ಕಚ್ಚಿಕೊಂಡು ನುಗ್ಗುವುದನ್ನು ಅವನು ಹಿಂದಿನ ವಾರವಷ್ಟೇ ಹೇಳಿದ್ದ.

“ಅಣ್ಣ, ಅಲ್ಲಿ ನಂಗೊಂದು ಕೂರೋ ಜಾಗ ಮಾಡ್ಕೊಡ್ತೀಯಾ?”

“ನೀನು? ಕೂರೋದು?” ಅಣ್ಣ ನಕ್ಕು ಕಣ್ಣೊರೆಸಿಕೊಂಡ. “ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿತಂತೆ. ನಿಮ್ಮ ಮೇಷ್ಟ್ರು ಹಕ್ಕಿ ನೋಡ್ತಾ ಕೂತ್ರು ಅಂತ ನೀನೂ ಕೂರೋಕೆ ಹೊರಟ್ಯಾ?”

ಆದರೂ ಬಸ್ಸಿನ ಹರಿದ ಸೀಟೊಂದನ್ನು ಹೊತ್ತು ತಂದು ಟೈರುಗಳ ಸಂದಿಯಲ್ಲಿ ಇಟ್ಟುಕೊಟ್ಟ.

ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಕತ್ತಲಾಗುವವರೆಗೆ ಅವಳು ಅಲ್ಲಿ ಕೂತಳು. ಕೂತಳು ಎನ್ನುವುದಕ್ಕಿಂತ ಮಿಸುಕಾಡಿದಳು ಎನ್ನಬೇಕು. ಉಗುರು ಕಚ್ಚಿದಳು, ಶೂ ಲೇಸು ಬಿಚ್ಚಿ ಕಟ್ಟಿದಳು, ಟೈರಿನ ಗೀರು ಎಣಿಸಿದಳು. ಕೆಂಬೂತ ಕೋಗಿಲೆಯ ಕುಲದ್ದೇ. ಆದರೆ ಮೊಟ್ಟೆಯನ್ನು ಕಂಡವರ ಗೂಡಿಗೆ ದಾಟಿಸಿ ಕೈತೊಳೆದುಕೊಳ್ಳುವ ಜಾತಿಯಲ್ಲ. ಪೊದೆಯ ಹೊಟ್ಟೆಯಲ್ಲಿ ಹುಲ್ಲು, ಎಲೆ ಹೆಣೆದ ಚೆಂಡಿನಂಥ ಗೂಡಿತ್ತು. ಪಕ್ಕದಲ್ಲೊಂದು ಬಾಯಿ, ಒಳಗೆ ಸುಣ್ಣದಂಥ ಮೂರು ಮೊಟ್ಟೆ. ಕಾವಿಗೆ ಕೂರುತ್ತಿದ್ದುದು ಜೋಡಿಯಲ್ಲಿ ಚಿಕ್ಕದು. ಅದರ ಬಾಲದ ಒಂದು ಗರಿ ಅರ್ಧಕ್ಕೆ ಮುರಿದಿತ್ತು, ಹಾಗಾಗಿ ಗುರುತು ತಪ್ಪುವಂತಿರಲಿಲ್ಲ. ದೊಡ್ಡದು ಆಗಾಗ ಬಂದು, ಕೊಡದೊಳಗಿಂದ ಬಂದಂತೆ ದಪ್ಪ ದನಿಯಲ್ಲಿ ‘ಹೂಪ್ ಹೂಪ್’ ಎನ್ನುತ್ತಿತ್ತು. ಗೂಡಿನೊಳಗಿಂದ ಒಂದು ಸ್ವರ ಮೇಲೆ ಉತ್ತರ ಬರುತ್ತಿತ್ತು. ಆಮೇಲೆ ದೊಡ್ಡದು ತನ್ನ ಪಾಡಿಗೆ ನಡೆದು ಹೋಗುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಅಣ್ಣ ಮ್ಯೂಸಿಯಂಗೆ ಫೋನ್ ಮಾಡಿದ.

“ರಿವರ್ಸ್ ತಗೊಳ್ಳೋ ಬಸ್ಸಿಗೆ ಒಂದು ಹಕ್ಕಿ ಸಿಕ್ಬಿಡ್ತು ಕಣೇ. ನಿಂದೇ ಇರ್ಬೇಕು. ಡ್ರೈವರ್ ಪಾಪ ಸಪ್ಪಗೆ ಕೂತಿದಾನೆ.”

“ಬಾಲ ಮುರಿದಿದ್ಯಾ?”

“ಎಲ್ಲಾ ಮುರಿದಿದೆ. ಬಾಲ ಯಾವ್ದು ಅಂತ ನೋಡ್ಲಿ?”

ಅವಳು ಬಾಗಿಲು ಹಾಕದೆ ಓಡಿದಳು. ಅಣ್ಣ ಹಕ್ಕಿಯನ್ನು ಗ್ರೀಸು ಒರೆಸುವ ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿದು ನಿಂತಿದ್ದ. ಅವಳು ಬಟ್ಟೆ ಬಿಚ್ಚಲಿಲ್ಲ. ಮೊದಲು ಪೊದೆಯ ಹತ್ತಿರ ಹೋಗಿ ಮಂಡಿಯೂರಿದಳು. ಗೂಡಿನ ಕತ್ತಲಲ್ಲಿ ಕೆಂಪು ಕಣ್ಣೊಂದು ಅವಳನ್ನು ನೋಡಿತು. ಮುರಿದ ಗರಿ ಹೊರಗೆ ಚಾಚಿತ್ತು. ಸದ್ಯ, ಇದು ಬದುಕಿದೆ ಎನಿಸಿತು. ಎನಿಸುತ್ತಲೇ ನಾಚಿಕೆಯೂ ಆಯಿತು; ಸತ್ತದ್ದೂ ಹಕ್ಕಿಯೇ ತಾನೆ.

ಮ್ಯೂಸಿಯಂನ ಮೇಜಿನ ಮೇಲೆ ಬಟ್ಟೆ ಬಿಚ್ಚಿ, ಜೋಡಿಯಲ್ಲಿ ದೊಡ್ಡದಾದ ಆ ಹಕ್ಕಿಯ ಹೊಟ್ಟೆ ತೆರೆದಳು. ಎಡಗಡೆ ಮಾತ್ರ, ಸಾಸಿವೆ ಕಾಳಿನ ಗೊಂಚಲಿನಂತೆ ಅಂಡಾಶಯ. ಹೆಣ್ಣು.

ಕೈ ತೊಳೆದು ನೇರ ಮೇಷ್ಟ್ರ ಮನೆಗೆ ಹೋದಳು. ಅವರು ಕಿಟಕಿ ಪಕ್ಕದಲ್ಲಿ ಅಚ್ಚಿನ ಕರಡು ತಿದ್ದುತ್ತಿದ್ದರು.

“ಸಾರ್, ಕೆಂಬೂತದಲ್ಲಿ ಕಾವು ಕೊಡೋದು ಗಂಡು.”

ಅವರು ಪೆನ್ಸಿಲ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. “ಒಂದು ಹಕ್ಕಿ ಸತ್ರೆ ಅದು ನಿಯಮ ಆಗಲ್ಲ ಮಗು. ಕೂತಿರೋದು ಇನ್ನೊಂದು ಹೆಣ್ಣಲ್ಲ ಅಂತ ಏನು ಗ್ಯಾರಂಟಿ? ಅವಸರ ಮಾಡ್ಬೇಡ.”

“ಆ ಐದು ಹಕ್ಕಿ ಹೊಟ್ಟೆ ತೆಗೆದು ನೋಡಿದ್ರಾ ಸಾರ್?”

ಅಷ್ಟು ನೇರವಾಗಿ ಕೇಳಬೇಕೆಂದು ಅವಳು ಬಂದಿರಲಿಲ್ಲ. ಮೇಷ್ಟ್ರ ಮುಖ ಬಿಗಿಯಿತು. ಪೆನ್ಸಿಲ್ ಮತ್ತೆ ಕೈಗೆ ತೆಗೆದುಕೊಂಡರು. “ನಂಗೆ ಕೆಲಸ ಇದೆ. ನೀನು ಹೊರಡು.”

ಮರುದಿನದಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೇಷ್ಟ್ರನ್ನು ನೋಯಿಸಿದೆನೆಂಬ ಸಂಕಟ ಒಂದು ಕಡೆ, ಒಂಟಿಯಾದ ಹಕ್ಕಿ ಮೊಟ್ಟೆ ಬಿಟ್ಟು ಹೋದರೆ ಎಂಬ ದಿಗಿಲು ಇನ್ನೊಂದು ಕಡೆ. ಸಂಜೆಯಾದರೆ ಅದು ಗೂಡಿನಿಂದಲೇ ಎರಡು ಸಲ ಕೂಗುತ್ತಿತ್ತು, ದಪ್ಪ ದನಿಯ ಉತ್ತರ ಬರುತ್ತಿರಲಿಲ್ಲ, ಸುಮ್ಮನಾಗುತ್ತಿತ್ತು. ಹೊಟ್ಟೆ ಹಸಿದಾಗ ಎದ್ದು ಹೋಗಿ ಅವಸರವಾಗಿ ಮರಳುತ್ತಿತ್ತು. ಆ ಹತ್ತಿಪ್ಪತ್ತು ನಿಮಿಷ ಅವಳು ಟೈರುಗಳ ಸುತ್ತ ಸುತ್ತುತ್ತಿದ್ದಳು.

“ನೀನು ಹೋಗಿ ಕೂತ್ಕೊಂಡ್ರೂ ಮೊಟ್ಟೆ ಒಡೆಯುತ್ತೆ, ಅಷ್ಟು ಬಿಸಿ ಇದೀಯ,” ಎಂದ ಅಣ್ಣ. ತಮಾಷೆ ಮಾಡಿದರೂ ಆ ಕಡೆಗೆ ಬಸ್ಸು ರಿವರ್ಸ್ ಬರದಂತೆ ಖಾಲಿ ಡ್ರಮ್ಮುಗಳನ್ನು ಅಡ್ಡ ಇಡಿಸಿದ್ದ.

ಮೊಟ್ಟೆ ಒಡೆದವು. ಮೂರರಲ್ಲಿ ಕಡೆಯದಾಗಿ ಹೊರಬಂದ ಮರಿ ನಾಲ್ಕು ದಿನಕ್ಕೆ ಸತ್ತಿತು. ಉಳಿದೆರಡು ಕರಿ ಚರ್ಮದ ಮೇಲೆ ಬಿಳಿ ನಾರು ಅಂಟಿಸಿದಂಥ ಕುರೂಪಿಗಳು. ತೂಕ ನೋಡಲು ಒಂದನ್ನು ಎತ್ತಿದಾಗ ಅವಳ ಅಂಗೈ ತುಂಬ ಕರಿ ನೀರು ಹೇತಿತು. ಆ ನಾತಕ್ಕೆ ಅಣ್ಣ ಎರಡು ದಿನ ಅವಳನ್ನು ಕ್ಯಾಂಟೀನಿನೊಳಗೆ ಸೇರಿಸಲಿಲ್ಲ. ಗಂಡೊಂದೇ ಬಸವನಹುಳು, ಹಲ್ಲಿ, ಮಿಡತೆ ಎಂದು ದಿನವಿಡೀ ಹೊತ್ತು ತಂದಿತು. ಎದೆ ಸೊರಗಿ ಮೂಳೆ ಕಾಣುವಂತಾಯಿತು.

ಮರಿಗಳಿಗೆ ಹನ್ನೆರಡು ದಿನವಾದಾಗ ಡಿಪೋ ಗೇಟಿನ ಮುಂದೆ ಬಾಡಿಗೆ ಕಾರೊಂದು ನಿಂತಿತು. ಮೇಷ್ಟ್ರು ಕೋಲೂರಿಕೊಂಡು ಇಳಿದರು. ಯಾರೊಂದಿಗೂ ಮಾತಿಲ್ಲ. ಹರಿದ ಸೀಟಿನ ಮೇಲೆ ಕೂತು ಮೂರು ಗಂಟೆ ಅಲುಗಾಡಲಿಲ್ಲ. ಅವಳು ಹಿಂದೆ ನಿಂತು ಕಾಲು ಬದಲಿಸುತ್ತಿದ್ದಳು. ಮುರಿದ ಬಾಲದ ಹಕ್ಕಿ ಹದಿನೇಳು ಸಲ ಬಂದು ಹೋಯಿತು. ಜೊತೆಗೆ ಬೇರೆ ಹಕ್ಕಿ ಬರಲಿಲ್ಲ.

“ಆ ಐದನ್ನೂ ಗೂಡಿನಿಂದ ಎಬ್ಬಿಸಿ ನಾನೇ ಹೊಡೆದಿದ್ದು,” ಎಂದರು ಮೇಷ್ಟ್ರು, ತಿರುಗದೆ. “ಆಗ ಹಾಗೇ ಮಾಡ್ತಿದ್ವಿ. ಬೇರೆಲ್ಲಾ ಹಕ್ಕಿ ಹೊಟ್ಟೆ ತೆಗೆದು ನೋಡ್ದೆ. ಇವುಗಳದ್ದು ನೋಡ್ಲಿಲ್ಲ. ಗೂಡಲ್ಲಿ ಕೂತಿದೆ ಅಂದ್ಮೇಲೆ ತಾಯೇ ಅಂದ್ಕೊಂಡೆ. ಇನ್ಯಾರು ಕೂರ್ತಾರೆ ಅಂತ.”

ಅವಳು ಬಂದು ಪಕ್ಕದ ಟೈರಿನ ಮೇಲೆ ಕೂತಳು.

“ಐದು ಗೂಡು,” ಎಂದರು ಅವರು ಮತ್ತೆ. “ಮೊಟ್ಟೆಗಳೇನಾದ್ವು ಅಂತ ಇವತ್ತಿನವರೆಗೂ ಯೋಚ್ನೆ ಮಾಡಿರ್ಲಿಲ್ಲ. ಹೊಡೆದಿದ್ದು ಅಪ್ಪನ್ನೇ ಆದ್ರೆ, ತಾಯಿ ಹೋದ್ರೆ ಅಪ್ಪ ಇದಾನಲ್ಲ ಅಂತಾನೂ ಇರ್ಲಿಲ್ಲ ಅವಕ್ಕೆ.”

ಪುಸ್ತಕದ ಕೆಂಬೂತದ ಪುಟ ಅಚ್ಚಾಗುವುದು ನಿಂತಿತು. ಒಂದು ಗೂಡು ನೋಡಿ ಕುಲಕ್ಕೆಲ್ಲ ಕಾನೂನು ಬರೆಯಬಾರದೆಂದು ಮೇಷ್ಟ್ರು ಆಗಲೂ ಪಟ್ಟು ಹಿಡಿದರು, ಅವಳೂ ಒಪ್ಪಿದಳು. ‘ಕಾವು ಕೊಡುವುದು ಹೆಣ್ಣೆಂದು ಹಿಂದಿನ ಮುದ್ರಣಗಳಲ್ಲಿ ನಾನು ಪರೀಕ್ಷಿಸದೆ ಬರೆದಿದ್ದೆ. ನೋಡಿದ ಒಂದು ಗೂಡಿನಲ್ಲಿ ಕಾವು ಕೊಟ್ಟು ಸಾಕಿದ್ದು ಗಂಡು’ ಎಂದು ಅವರ ಹೆಸರಿನಲ್ಲಿ, ಕೆಳಗೆ ನೋಡಿದವಳ ಹೆಸರಿನೊಂದಿಗೆ ಅಚ್ಚಾಯಿತು.

ಮರಿಗಳು ಹಾರುವುದಕ್ಕೆ ಮುಂಚೆಯೇ ನಡೆದು ಗೂಡು ಬಿಟ್ಟವು. ಒಂದು ನೇರ ಪೊದೆಯೊಳಗೆ ನುಗ್ಗಿತು. ಇನ್ನೊಂದು ದಿಕ್ಕು ತಪ್ಪಿ ಡಿಪೋ ಅಂಗಳಕ್ಕೇ ಇಳಿಯಿತು. ಅಣ್ಣ ಕೈಯೆತ್ತಿ ಎರಡು ಬಸ್ಸು ನಿಲ್ಲಿಸಿದ. ಡ್ರೈವರುಗಳು ಕಿಟಕಿಯಿಂದ ಬಗ್ಗಿ ನೋಡುತ್ತಿರುವಾಗ, ಅವಳು ಎರಡು ಕೈಯನ್ನೂ ನೆಲಕ್ಕೆ ತಾಗುವಷ್ಟು ಚಾಚಿ, ಕೋಳಿಮರಿ ಅಟ್ಟುವವರಂತೆ ಅದನ್ನು ಪೊದೆಯ ಕಡೆಗೆ ಅಟ್ಟಿಕೊಂಡು ಹೋದಳು. ಒಳಗಿಂದ ಅಪ್ಪನ ಕೂಗು ಕೇಳಿದ ಮೇಲೆ ಅದು ತಾನಾಗಿಯೇ ದಾರಿ ಹಿಡಿಯಿತು.