ಅಂಬಮ್ಮನ ಹಲ್ಲು ಮತ್ತು ಬೆಲ್ಲದ ಹೂರಣ

ಮಸ್ಕಿಯಲ್ಲಿ ಮದುವೆ, ಬಸುರಿಯರ ಕುಬುಸ ಅಂತ ಶೇಂಗಾ ಹೋಳಿಗೆ ಬೇಕಾದವರು ಅಂಬಮ್ಮನ ಮನೆಗೇ ಬರುತ್ತಿದ್ದರು. ಹದಿನೆಂಟು ವರ್ಷದಿಂದ ಅವಳದು ಒಂದೇ ಪದ್ಧತಿ. ಹೂರಣ ಕಲಸಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬೆಲ್ಲ ಸಾಕೋ ಸಾಲದೋ ತಾನೇ ತೀರ್ಮಾನಿಸುವುದು. ಆ ದಿನ ಚಿಟಿಕೆ ಬಾಯಿಗೆ ಹೋದದ್ದೇ ತಡ, ಎಡ ದವಡೆಯಿಂದ ಕಿವಿಯವರೆಗೆ ಕರೆಂಟು ಹೊಡೆದಂತಾಯಿತು. ಗೋಡೆ ಹಿಡಿದು ನಿಂತಳು.

"ಏನಾತು?" ಎಂದು ಗಂಡ ಜಂಬಣ್ಣ ಓಡಿಬಂದ.

"ಹಲ್ಲು ಜುಮ್ ಅಂತು. ಹೂರಣದಾಗ ಏನರ ಬಿದ್ದೈತೇನು ನೋಡ್ರಿ."

ಜಂಬಣ್ಣ ಒಂದು ಹಿಡಿ ತಿಂದ. "ಭಾಳ ಛಲೋ ಐತಲ್ಲ!" ಅವನಿಗೆ ಯಾವ ಹೂರಣವೂ ಛಲೋನೇ.

ಸಕ್ಕರೆ ಚಹಾ ಕುಡಿದು ನೋಡಿದಳು, ಏನೂ ಆಗಲಿಲ್ಲ. ಪೇಡೆ ತಿಂದಳು, ಏನೂ ಇಲ್ಲ. ಖರ್ಜೂರಕ್ಕೆ ಮತ್ತೆ ಜುಮ್. ಬೆಲ್ಲದ್ದೇ ತಪ್ಪು ಅನ್ನೋಣವೆಂದರೆ ಬೆಲ್ಲದ ಚಹಾ ಸುಮ್ಮನೆ ಇಳಿದುಹೋಯಿತು. ತಲೆ ಕೆಟ್ಟು, ಬೆಲ್ಲ ಕೊಟ್ಟ ಇಶ್ತಿಯಾಕನ ಅಂಗಡಿಗೆ ಹೋಗಿ ಜಗಳಕ್ಕೇ ನಿಂತಳು. ಅವನು ಅದೇ ಬೆಲ್ಲದ ಪೆಂಟಿಯಿಂದ ಒಂದು ತುಂಡು ಮುರಿದು ಅವಳೆದುರೇ ಕಟಕಟ ಅಗಿದ.

"ಅಮ್ಮಾ, ಇಷ್ಟು ಮಂದಿ ಒಯ್ದಾರ. ಹಲ್ಲಿನ ತಕರಾರು ತಂದಾಕಿ ನೀ ಒಬ್ಬಾಕೀನ."

ನಾಚಿಕೆಯಾಗಿ ಮನೆಗೆ ಬಂದಳು.

ಸಿಂಧನೂರಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದರು, ಸಣ್ಣ ಸಲಾಕೆಯಿಂದ ಒಂದೊಂದೇ ಹಲ್ಲು ಬಡಿದರು, ತಣ್ಣನೆಯ ಗಾಳಿ ಊದಿದರು. ಹುಳುಕಿಲ್ಲ, ಬಿರುಕೂ ಕಾಣುವುದಿಲ್ಲ ಎಂದು ಪೇಸ್ಟು ಬರೆದುಕೊಟ್ಟರು. ಮೂರು ವಾರ ತಿಕ್ಕಿದರೂ ಹೂರಣಕ್ಕೆ ಅದೇ ಜುಮ್. ಲಿಂಗಸುಗೂರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಹೋದಳು.

"ಒಸಡು ಸವೆದಿದ್ರ ತಣ್ಣೀರಿಗೂ ನೋಯಬೇಕಿತ್ತು," ಎಂದು ಅವರು ಕನ್ನಡಕ ತೆಗೆದರು. "ಖರೇ ಹೇಳಬೇಕಂದ್ರ ನನಗೂ ತಿಳಿವಲ್ದು ತಾಯಿ."

"ಕಿತ್ತುಬಿಡ್ರಿ ಸಾಹೇಬ್ರ."

"ಯಾವುದನ್ನ ಕೀಳ್ಲಿ?"

ಅಂಬಮ್ಮ ಒಂದರ ಮೇಲೆ ಬೆರಳಿಟ್ಟಳು, ಆಮೇಲೆ ಪಕ್ಕದ್ದರ ಮೇಲೆ, ಆಮೇಲೆ ಬೆರಳನ್ನೇ ಹಿಂದಕ್ಕೆ ತೆಗೆದುಕೊಂಡಳು. ಬಸ್ಸಿನಲ್ಲಿ ಮಸ್ಕಿಯವರೆಗೂ ಕಿಟಕಿಯಾಚೆ ನೋಡುತ್ತ ಕೂತಳು. ತನ್ನ ಬಾಯೊಳಗಿನದೇ ತನಗೆ ತಿಳಿಯುವುದಿಲ್ಲವೆಂದರೆ ಏನರ್ಥ?

ಅಷ್ಟರಲ್ಲಿ ಜವಳಗೇರಾದಿಂದ ಇನ್ನೂರು ಹೋಳಿಗೆಯ ಆರ್ಡರು ಬಂತು. ಹೂರಣ ಕಲಸಿದಳು, ಬಾಯಿಗೆ ಹಾಕಲು ಧೈರ್ಯವಾಗಲಿಲ್ಲ. ಗಂಡನನ್ನು ಕೇಳಿ ಪ್ರಯೋಜನವಿಲ್ಲ. ತಾಲೂಕು ಕಚೇರಿಗೆ ಹೊರಟಿದ್ದ ಸೊಸೆ ಶಿವಕುಮಾರಿಯನ್ನು ಕರೆದಳು. ಮದುವೆಯಾಗಿ ಬಂದು ಆರು ವರ್ಷವಾದರೂ ರುಚಿ ನೋಡೆಂದು ಸೊಸೆಗೆ ಹೇಳಿದ್ದು ಅದೇ ಮೊದಲು.

ಶಿವಕುಮಾರಿ ನಿಧಾನವಾಗಿ ಚಪ್ಪರಿಸಿದಳು. "ಬೆಲ್ಲ ಹೆಚ್ಚಾಗೈತ್ರಿ ಅತ್ತಿ."

"ನನ್ನ ಕೈಯಾಗ ಎಂದೂ ಹೆಚ್ಚಾಗಂಗಿಲ್ಲ."

"ಕೇಳಿದ್ರಿ, ಹೇಳಿದೆ."

"ಇವತ್ತಷ್ಟ ಹೆಚ್ಚೋ, ಮೊದ್ಲಿಂದ ಹಿಂಗೋ?"

ಶಿವಕುಮಾರಿ ಸೆರಗಿನ ಪಿನ್ನು ಸರಿಮಾಡಿಕೊಂಡಳು. "ನನಗ ಎರಡು ಮೂರು ವರ್ಷದಿಂದ ಹಂಗ ಅನಸಾಕತ್ತೈತ್ರಿ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ."

ಅಂಬಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೆಟ್ಟಿದ್ದು ಹಲ್ಲೋ ನಾಲಿಗೆಯೋ? ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ? ಏನೂ ಹೊಳೆಯದೆ ಎರಡು ಬಟ್ಟಲು ಶೇಂಗಾಪುಡಿ ಸುರಿದು ಮತ್ತೆ ಕಲಸಿದಳು. ಸೊಸೆ ಇನ್ನೊಮ್ಮೆ ನೋಡಿ, "ಈಗ ಬರಾಬರ್" ಎಂದು ಚಪ್ಪಲಿ ಮೆಟ್ಟಿದಳು.

ಎರಡು ದಿನದ ಮೇಲೆ, ಆರ್ಡರು ಕೊಟ್ಟಿದ್ದ ಜವಳಗೇರಾದ ಅಯ್ಯಮ್ಮ ಫೋನು ಮಾಡಿದಳು. "ಈ ಸಲ ಹೋಳಿಗಿ ಬ್ಯಾರೆನ ಆಗ್ಯಾವಲ್ಲ ಅಕ್ಕ."

"ಬ್ಯಾರೆ ಅಂದ್ರ?"

"ಛಲೋ ಆಗ್ಯಾವ. ಮಂದಿ ಎರಡೆರಡು ಹಾಕಿಸ್ಕೊಂಡು ತಿಂದಾರ."

ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯದೆ ಅಂಬಮ್ಮ ಫೋನು ಹಿಡಿದೇ ನಿಂತಿದ್ದಳು. ಸಂಜೆ ಸೊಸೆ ಕಚೇರಿಯಿಂದ ಬಂದಾಗ ಆ ಮಾತು ಹೇಳಿದಳು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಶಿವಕುಮಾರಿ ನಕ್ಕು, "ನಾಳೆ ಏನು ಆರ್ಡರ್ ಐತ್ರಿ?" ಎಂದಳು.

ಹಲ್ಲು ಮಾತ್ರ ಇಂದಿಗೂ ಅಂಬಮ್ಮನಿಗೆ ಅರ್ಥವಾಗಿಲ್ಲ. ಸೋಮವಾರ ಖರ್ಜೂರ ತಿಂದರೆ ಸುಮ್ಮನಿರುತ್ತದೆ, ಮಂಗಳವಾರ ಅದೇ ಖರ್ಜೂರಕ್ಕೆ ಜುಮ್ ಅನ್ನುತ್ತದೆ.