ಆಗುವ ಮೊದಲೇ ಹೇಳಿದ ಸಾಕ್ಷಿ

ಮೌನಪ್ಪ ಮೊದಲ ಏಟನ್ನು ಯಾವಾಗಲೂ ಬೆನ್ನಿಗೇ ಹಾಕುತ್ತಿದ್ದ. ಹೆಂಡತಿಯ ಮುಖ ಭಾನುವಾರದ ಆರಾಧನೆಗೆ ಬೇಕಾಗುತ್ತಿತ್ತಲ್ಲ! ಆ ಶನಿವಾರ ಬೆಳಿಗ್ಗೆ ಅಂಗಿಯ ಇಸ್ತ್ರಿ ಸರಿಯಿಲ್ಲವೆಂದು ಶುರುವಾದ ಮಾತು ಲಟ್ಟಣಿಗೆಗೆ ಬಂದು ಮುಟ್ಟಿತು. ಮೂರನೆಯ ಏಟಿಗೆ ತಾರಾಳ ಎಡಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಅವಳು ಅಡಿಗೆಕಟ್ಟೆ ಹಿಡಿದುಕೊಂಡು ಕುಸಿದಳು. ಅವನು ಅವಳನ್ನು ಕಾಲಿನಿಂದ ಆಚೆ ಸರಿಸಿ, ಉಕ್ಕಿ ಬರುತ್ತಿದ್ದ ಹಾಲಿನ ಕೆಳಗಿನ ಉರಿ ಆರಿಸಿದ. ಹಾಲು ಚೆಲ್ಲಿ ಹಾಳಾಗುವುದು ಅವನಿಗೆ ಸೇರುತ್ತಿರಲಿಲ್ಲ.

“ಹೋಗು, ಯಾರಿಗರ ಹೇಳು,” ಎಂದ. “ಸಾಕ್ಷಿ ಕೊಟ್ಟಾಕಿ ನೀನೇ ಅಲ್ಲೇನು? ಈಗ ದೇವರನ್ನ ಸುಳ್ಳುಗಾರ ಮಾಡ್ತೀಯೇನು?”

ಅವಳ ಬಾಯಿಗೆ ಬೀಗ ಜಡಿದದ್ದು ಆ ಲಟ್ಟಣಿಗೆಯಲ್ಲ, ಈ ಮಾತು.

ಬೀದರಿನಿಂದ ಬಂದು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳ ಹಿಂದಿನ ಗಲ್ಲಿಯಲ್ಲಿ ಮನೆ ಮಾಡಿದ ಗಂಡಹೆಂಡಿರು ಅವರು. ಅವನಿಗೆ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ. ಭಾನುವಾರ ನಾರಾಯಣಗೂಡದ ಬಾಡಿಗೆ ಸಭಾಂಗಣದಲ್ಲಿ ನಡೆಯುವ ಕನ್ನಡ ಸಭೆಗೆ ತಪ್ಪದೆ ಹೋಗುವರು. ಆ ಸಭೆಯಲ್ಲೊಂದು ರೂಢಿಯಿತ್ತು. ದೇವರಲ್ಲಿ ಏನನ್ನಾದರೂ ಬೇಡಿದವರು ಅದು ಸಿಗುವ ಮೊದಲೇ ಎದ್ದು ನಿಂತು, ಸಿಕ್ಕಿತೆಂದೇ ಸಾಕ್ಷಿ ಹೇಳಬೇಕು. ಅದಕ್ಕೆ ವಿಶ್ವಾಸದ ಸಾಕ್ಷಿ ಎಂದು ಹೆಸರು. ಮಂಡಿನೋವಿನವರು ನೋವು ಮಾಯವಾಯಿತೆಂದು ಹೇಳಿ, ಕುಂಟುತ್ತಲೇ ವಾಪಸು ಬಂದು ಕುಳಿತುಕೊಳ್ಳುವರು. ಯಾರೂ ನಗುವುದಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುವರು.

ಹೋದ ವರ್ಷದ ಲೆಂಟಿನ ಉಪವಾಸದ ದಿನಗಳಲ್ಲಿ ತಾರಾ ಹಾಗೆಯೇ ಎದ್ದು ನಿಂತಿದ್ದಳು. ಗಂಡನ ಕೈಯನ್ನು ಕರ್ತನು ತಡೆದಿದ್ದಾನೆ, ನಮ್ಮ ಮನೆಗೆ ಸಮಾಧಾನ ಬಂದಿದೆ ಎಂದುಬಿಟ್ಟಳು. ಪಾಪ, ಆಗೇ ಆಗುತ್ತದೆ ಎಂದು ನಂಬಿದ್ದಳು. ಮೌನಪ್ಪ ಎಲ್ಲರೆದುರು ಗಳಗಳ ಅತ್ತ. ಮೂರು ವಾರ ಕೈಯನ್ನು ಹತೋಟಿಯಲ್ಲಿಟ್ಟುಕೊಂಡ. ಆಮೇಲೆ ಮತ್ತೆ ಯಥಾಪ್ರಕಾರ, ಬಡ್ಡಿ ಸಮೇತ. ಈ ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನೊಳಗೆ ಅವಳ ಜಡೆ ಹಿಡಿದು ಎಳೆದಾಗ ಸಭೆಯ ಹೆಂಗಸೊಬ್ಬಳು ಎದುರಿಗೇ ಬಂದಳು. ಗಂಡಹೆಂಡಿರ ಚೆಲ್ಲಾಟವೆಂದು ನಕ್ಕು ಮುಂದೆ ಹೋದಳು. ಕಣ್ಣಿಗಿಂತ ಅವಳಿಗೆ ಸಾಕ್ಷಿಯ ಮೇಲೆ ನಂಬಿಕೆ ಹೆಚ್ಚಾಗಿತ್ತು.

ಎಲುಬಿನ ನೋವಿಗಿಂತ ತಾರಾಳನ್ನು ತಿನ್ನುತ್ತಿದ್ದ ನೋವು ಬೇರೆಯೇ ಇತ್ತು. ಮೊದಲು ಅವಳು ನಸುಕಿನಲ್ಲಿ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕರ್ತನ ಜೊತೆ ಕೂರುತ್ತಿದ್ದಳು. ಒಡಹುಟ್ಟಿದ ಅಕ್ಕನೆದುರು ಕೂತಂತೆ ಕೂತು, ಎಲ್ಲವನ್ನೂ ಹೇಳಿ ಹಗುರಾಗಿ ಏಳುತ್ತಿದ್ದಳು. ಅವಳನ್ನು ಬದುಕಿಸಿಟ್ಟದ್ದೇ ಆ ಅರ್ಧ ಗಂಟೆ. ಸಾಕ್ಷಿ ಹೇಳಿದ ಮೇಲೆ ಅದೂ ಹೋಯಿತು. ಕರ್ತನು ಕೊಡದೇ ಇದ್ದದ್ದನ್ನು ಕೊಟ್ಟನೆಂದು ದಿನಾ ಸ್ತೋತ್ರ ಹೇಳಿ ಹೇಳಿ ಅವಳ ನಾಲಿಗೆ ಒಣಗಿತ್ತು. ಈಗ ಬೈಬಲ್ ತೆರೆದು ಕೂತರೆ ಎದುರಿಗೆ ಗೋಡೆ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲೇ ಪ್ರಾರ್ಥನಾ ಕೂಟ. ಮೌನಪ್ಪನನ್ನು ಸಭೆಯ ಹಿರಿಯನಾಗಿ ಆರಿಸುವ ದಿನ ಅದು. ಇಪ್ಪತ್ತು ಜನ ಚಾಪೆಯ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ಗೋಪಿನಾಥ ಪಾಸ್ಟರು ಎರಡು ಹಾಡು ಮುಗಿಸಿ, ಹೋದ ವರ್ಷದ ಆ ಸಾಕ್ಷಿಯನ್ನು ಇನ್ನೊಮ್ಮೆ ಹೇಳಬೇಕೆಂದು ತಾರಾಳನ್ನು ಕೇಳಿದರು. ಗಂಡ ಅವಳತ್ತ ನೋಡಿ ಮುಗುಳ್ನಕ್ಕ. ಹೇಳಿದರೆ ಅವಳ ಬಾಯಿ ಇನ್ನೆಂದಿಗೂ ಮುಚ್ಚಿಹೋಗುತ್ತಿತ್ತು, ಮನುಷ್ಯರೆದುರಿಗೂ ದೇವರೆದುರಿಗೂ. ಹೇಳದಿದ್ದರೆ ಏನಾಗುತ್ತದೆಂಬುದು ಅವಳ ಪಕ್ಕೆಗೆ ಗೊತ್ತಿತ್ತು.

ತಾರಾ ಗೋಡೆ ಹಿಡಿದು ಎದ್ದಳು.

“ಹ್ವಾದ ವರ್ಷ ನಾ ಹೇಳಿದ್ದು ಸುಳ್ಳು. ಆಗ್ತೈತಿ ಅಂತ ನಂಬಿ, ಆಗೈತಿ ಅಂತ ಹೇಳಿದ್ದೆ. ದೇವರು ಸುಳ್ಳು ಹೇಳಿಲ್ಲರಿ, ನಾ ಹೇಳೀನಿ. ಇವ್ರು ನನ್ನ ಇವತ್ತಿಗೂ ಹೊಡ್ಯಾಕತ್ತಾರ.”

ಮೌನಪ್ಪ ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ, ಎರಡು ವಾರದಿಂದ ಇವಳು ಹೀಗೇ ಏನೇನೋ ಒದರುತ್ತಿದ್ದಾಳೆ, ಸೈತಾನನು ನನ್ನ ಮನೆಯ ಮೇಲೆ ಬಿದ್ದಿದ್ದಾನೆ, ನನಗಾಗಿ ಪ್ರಾರ್ಥಿಸಿ ಎಂದು ಮೆಲ್ಲಗೆ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಪಾಸ್ಟರು ಆಗಲೇ ಅಂಗಿಯ ತೋಳು ಮಡಿಸಿದರು. ಕೊಟ್ಟ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರ ಲೆಕ್ಕದಲ್ಲಿ ಮನುಷ್ಯರ ಕೆಲಸವಲ್ಲ, ದೆವ್ವದ್ದು. ಸುಳ್ಳಿನ ಆತ್ಮ ಬಿಟ್ಟುಹೋಗಲಿ ಎಂದು ಕೂಗುತ್ತ ಅವಳನ್ನು ಒತ್ತಿ ಕೂರಿಸಿದರು. ಹತ್ತಾರು ಕೈಗಳು ತಲೆ, ಭುಜ, ಬೆನ್ನಿನ ಮೇಲೆ ಬಿದ್ದವು. ಒಬ್ಬರು ನೆತ್ತಿ ಹಿಡಿದು ಅಲುಗಾಡಿಸಿದರು, ಇನ್ನೊಬ್ಬರು ಗದ್ದ ಒತ್ತಿ ಬಾಯಿ ತೆರೆಸಿದರು. ಅಷ್ಟು ಕೈಗಳ ನಡುವೆ ಗಂಡನ ಕೈ ಯಾವುದೆಂದು ಅವಳಿಗೆ ನೋಡದೆಯೇ ತಿಳಿಯಿತು. ಅದು ಹಿಂಗತ್ತಿಗೆ ಬಂದು ಬೆರಳೂರಿ ಹಿಚುಕತೊಡಗಿತು. ಯೇಸುವಿನ ಹೆಸರಿನಲ್ಲಿ, ಯೇಸುವಿನ ಹೆಸರಿನಲ್ಲಿ ಎಂದು ಅವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ. ಅವಳ ಕಣ್ಣು ಕತ್ತಲಿಟ್ಟಿತು. ತನ್ನ ಮನೆಯಲ್ಲಿ, ತನ್ನ ದೇವರ ಹೆಸರಿನಲ್ಲಿ, ತನ್ನ ಜನರ ಕೈಯಲ್ಲಿ ಸಾಯುತ್ತಿದ್ದೇನೆ ಎನಿಸಿತು.

ಆಗ ಯಾರದೋ ಅಂಗೈ ಎಡಪಕ್ಕೆಯ ಮೇಲೆ ಬಲವಾಗಿ ಬಿತ್ತು. ತಾರಾ ಕಿರುಚಿದಳು. ಆ ಅಂಗೈ ಶಿವದೇವಿಯದು, ಮೂವತ್ತು ವರ್ಷ ನರ್ಸಾಗಿ ದುಡಿದು ನಿವೃತ್ತಳಾದ ಮುದುಕಿ. ಉಳಿದವರೆಲ್ಲ ಕಣ್ಣು ಮುಚ್ಚಿ ಇನ್ನೂ ಜೋರಾಗಿ ಕೂಗಿದರು. ಮುದುಕಿ ಮಾತ್ರ ಕಣ್ಣು ಬಿಟ್ಟಳು. ಕೈ ತೆಗೆಯದೆ, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಸೀರೆಯ ಸೆರಗು ಸರಿಸಿ, ರವಿಕೆಯ ಕೆಳಗೆ ಕಪ್ಪಾದ ಉದ್ದನೆಯ ಬಾಸುಂಡೆಗಳನ್ನು ಕಂಡಳು.

“ಕೈ ತಗೀರಿ ಎಲ್ಲಾರೂ,” ಎಂದಳು. “ಇದು ದೆವ್ವ ಅಲ್ಲರಿ. ಎಲುಬು ಮುರದೈತಿ.”

ಕೂಗು ಒಂದೊಂದಾಗಿ ನಿಂತಿತು. ಕೈಗಳು ಸರಿದವು. ಕತ್ತಿನ ಮೇಲಿನ ಕೈಯೊಂದೇ ಸರಿಯಲಿಲ್ಲ. ಈಗ ಅದು ಯಾರದೆಂದು ಇಪ್ಪತ್ತು ಜನರಿಗೂ ಕಂಡಿತು. ಮುದುಕಿ ಅದನ್ನು ಬಿಡಿಸಲು ಹೋದಳು. ಮೌನಪ್ಪ ಪಕ್ಕದಲ್ಲಿದ್ದ ಕಬ್ಬಿಣದ ಸ್ಟೂಲು ಎತ್ತಿ ಅವಳ ಹಣೆಗೆ ಬೀಸಿದ. ಬಿಳಿಕೂದಲು ಕೆಂಪಾಯಿತು. ಗಂಡಸರು ಹಾರಿ ಬಿದ್ದು ಅವನನ್ನು ಕೆಡವಿದರು. ಅವನು ಒದೆಯುತ್ತ, ಒಬ್ಬನ ಮುಂಗೈ ಕಚ್ಚುತ್ತ, ಹೆಂಡತಿಯನ್ನು ಕೊಂದೇ ಬಿಡುತ್ತೇನೆಂದು ಅರಚಿದ. ನಾಲ್ವರು ಅವನ ಮೇಲೆ ಕೂತರು.

ಪಾಸ್ಟರಿಗೆ ಏನು ಮಾಡಬೇಕೆಂದು ತೋಚದೆ, ರೂಢಿಯಂತೆ, ಎಲ್ಲರೂ ಮೊಣಕಾಲೂರಿ ಕ್ಷಮೆಗಾಗಿ ಪ್ರಾರ್ಥಿಸೋಣ ಎಂದರು. ತಾರಾ ಬೇಡವೆಂದು ಕೈಯೆತ್ತಿದಳು. ಇವತ್ತಿನ ಪ್ರಾರ್ಥನೆ ತನ್ನದು ಎಂದಳು. ಗೋಡೆಗೊರಗಿ, ಕಣ್ಣು ಬಿಟ್ಟುಕೊಂಡೇ, ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದಳು.

“ಕರ್ತನೇ, ಇವ ಸತ್ರ ಸಾಕು ಅಂತ ನನ್ನ ಎದಿಯಾಗ ಐತಿ. ಹ್ವಾದ ವರ್ಷದಿಂದ ನಿನ್ನ ಮುಂದ ಇದನ್ನ ಮುಚ್ಚಿಟ್ಟು ಸ್ತೋತ್ರ ಹೇಳೀನಿ. ಇನ್ನ ಹೇಳಂಗಿಲ್ಲ. ನನ್ನ ಕಡೆ ಇರೂದು ಇದೊಂದೇ, ನೋಡು.”

ಹೇಳಿ ಮುಗಿಸಿ ಅವಳು ಅಳತೊಡಗಿದಳು. ಅಷ್ಟು ದಿನ ಎದುರಿಗಿದ್ದ ಗೋಡೆ ಇರಲಿಲ್ಲ. ಯಾರೋ ಕೇಳಿಸಿಕೊಂಡರು ಎಂಬುದು ಅವಳಿಗೆ ಪಕ್ಕೆಯ ನೋವಿನಷ್ಟೇ ನಿಜವಾಗಿ ಗೊತ್ತಾಯಿತು.



“ಆಮೆನ್,” ಎಂದಳು ಶಿವದೇವಿ. ಹಣೆಯ ರಕ್ತಕ್ಕೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನು ಹಚ್ಚಿದಳು.