ಪಾಚಿ ಉಜ್ಜಿದ ಮೂರು ವಾರ

ನನ್ನ ಸೊಸೆ ಪವಿತ್ರಳನ್ನು ಎಂಟನೇ ತಿಂಗಳಲ್ಲೇ ಬಿಪಿ ಏರಿತೆಂದು ಅವಳ ಅಣ್ಣ ಆತುರಾತುರವಾಗಿ ಕೃಷ್ಣಗಿರಿಗೆ, ತವರಿಗೆ ಕರೆದೊಯ್ದ. ತಮಿಳು ಸೀಮೆಯ ಗಡಿಯೂರು ಮತ್ತಿಗಿರಿಯ ನಮ್ಮ ಹಾಲ್‌ನಲ್ಲಿ ಉಳಿದದ್ದು ಅವಳ ಉಪ್ಪುನೀರಿನ ಗಾಜಿನ ತೊಟ್ಟಿ, ಅದರಲ್ಲಿ ಎರಡು ಮೀನು, ಮತ್ತು ಅವುಗಳ ಕಾವಲಿಗೆ ನಾನು. ಸಮುದ್ರ ಮುನ್ನೂರು ಕಿಲೋಮೀಟರ್ ದೂರವಿರುವ ಊರಿಗೆ ಸಮುದ್ರದ ಮೀನು ಯಾಕೆ ಅಂತ ಅವು ಬಂದ ದಿನ ನಾನು ಆಡಿಕೊಂಡಿದ್ದೆ. ಅವಳು ಆ ರಾತ್ರಿ ಊಟ ಮಾಡಿರಲಿಲ್ಲ. ಕೂಸು ಎತ್ತಿಕೊಂಡು ಬರುವಾಗ ಅವಳ ಮೀನು ಜೀವಂತ ಇರಲೇಬೇಕು ಅಂತ ಈಗ ನನಗೇ ಹಟ ಹಿಡಿದಿತ್ತು.

ಒಂದು ಮೀನಿನದು ತಕರಾರಿಲ್ಲ, ಕಾಳು ಹಾಕಿದರೆ ನುಂಗುತ್ತದೆ. ಇನ್ನೊಂದರ ಹೆಸರು ಮ್ಯಾಂಡರಿನ್. ಹೆಬ್ಬೆರಳುದ್ದದ ನೀಲಿ ಮೈ, ಅದರ ತುಂಬ ಕಿತ್ತಳೆ ಸುರುಳಿ, ರೇಷ್ಮೆ ಸೀರೆಯ ಅಂಚು ಕತ್ತರಿಸಿ ಬಿಟ್ಟಂತೆ. ಈ ಮಹಾರಾಣಿ ಕಾಳನ್ನು ಮೂಸಿಯೂ ನೋಡುವುದಿಲ್ಲ. ದಿನವಿಡೀ ಕಲ್ಲು ಕುಟುಕುತ್ತಿರುತ್ತಾಳೆ.

ಇದಕ್ಕೇನು ಮಾಡಲಿ ಅಂತ ಕೇಳಿದ್ದಕ್ಕೆ ಆಸ್ಪತ್ರೆಯಿಂದ ವಾಯ್ಸ್ ಮೆಸೇಜ್ ಬಂತು, ತಮಿಳಿನಲ್ಲಿ. ಪವಿತ್ರ ತಮಿಳರ ಹುಡುಗಿ. ಮದುವೆಯಾದ ಹೊಸದರಲ್ಲಿ ಕನ್ನಡ ಕೂಡಿಸಿ ಕೂಡಿಸಿ ಮಾತಾಡುತ್ತಿದ್ದವಳನ್ನು ನಾನೇ ತಡೆದಿದ್ದೆ. ಮೂವತ್ತು ವರ್ಷ ಕನ್ನಡದವರ, ತೆಲುಗಿನವರ ಅರ್ಜಿಗಳನ್ನು ತಮಿಳಿನಲ್ಲಿ ಬರೆದುಕೊಟ್ಟವನು ನಾನು, ನನ್ನ ಹತ್ತಿರ ಯಾಕಮ್ಮ ಕಷ್ಟ ಅಂದಿದ್ದೆ. ಅಷ್ಟು ಜಂಬ ನನಗೆ.

ಮೆಸೇಜಿನಲ್ಲಿ ಫ್ಯಾನಿನ ಗದ್ದಲ, ಯಾರದೋ ಕೆಮ್ಮು, ನಡುವೆ ಅವಳ ದನಿ: ಅದುಕ್ಕು ಪಾಸಿಯೇ ಇರಕ್ಕೂಡಾದು, ಮಾಮಾ. ತಮಿಳಿನ ಪಾಸಿ ಅಂದರೆ ನಮ್ಮ ಪಾಚಿ. ಅದಕ್ಕೆ ಪಾಚಿಯೇ ಇರಬಾರದು. ಇಷ್ಟೇ ತಾನೆ ಅಂದುಕೊಂಡೆ.

ಅಂದಿನಿಂದ ಬೆಳಿಗ್ಗೆ ಕಾಫಿಯಾದ ಮೇಲೆ ಹಳೇ ಟೂತ್‌ಬ್ರಶ್ ಹಿಡಿದು ಒಂದೊಂದೇ ಕಲ್ಲನ್ನು ಉಜ್ಜಿದೆ. ತೊಟ್ಟಿ ಥಳಥಳ ಅನ್ನತೊಡಗಿತು. ಮೀನು ಮಾತ್ರ ಸೊರಗತೊಡಗಿತು. ನನಗೆ ತಲೆಬುಡ ತಿಳಿಯಲಿಲ್ಲ. ಉಪ್ಪು ಹೆಚ್ಚಾಯಿತೋ, ನೀರು ಬಿಸಿಯಾಯಿತೋ? ಅಳೆದೆ, ಎರಡೂ ಸರಿಯಿದ್ದವು. ಇನ್ನೂ ಎಲ್ಲೋ ಪಾಚಿ ಇರಬೇಕೆಂದು ಮತ್ತೆ ಉಜ್ಜಿದೆ. ಉಜ್ಜಿದಷ್ಟೂ ಅದರ ಹೊಟ್ಟೆ ಒಳಗೆ ಹೋಯಿತು. ನನ್ನ ಹೆಂಡತಿ ವರಲಕ್ಷ್ಮಮ್ಮ ನನ್ನನ್ನೂ ಮೀನನ್ನೂ ನೋಡಿ, "ಅದೇನ್ ಪಾತ್ರೆನೇನ್ರೀ, ಹಿಂಗ್ ಉಜ್ತೀರ?" ಅಂದಳು. ರೇಗಿಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು.

ಈ ನಡುವೆ ಹೆಣ್ಣುಮಗು ಹುಟ್ಟಿತು. ಮೂರನೇ ವಾರ ಒಂದು ಬೆಳಿಗ್ಗೆ, ಭುಜದ ನೋವಿಗೆ ಕೈ ಎಟುಕದೆ ಹಸಿರಾಗೇ ಉಳಿದಿದ್ದ ಹಿಂದಿನ ಗಾಜನ್ನು ಉಜ್ಜಲು ಕೋಲಿಗೆ ಬ್ರಶ್ ಕಟ್ಟುತ್ತಿದ್ದೆ. ಪವಿತ್ರಳ ಫೋನ್ ಬಂತು. ಮೀನಿನ ವಿಷಯ ತೆಗೆಯುವಷ್ಟರಲ್ಲಿ ಮಗು ಚೀರಿತು.

"ಪಾಪಾವುಕ್ಕು ಪಸಿ, ಮಾಮಾ. ಅಪ್ಪುರಂ ಪೇಸರೇನ್," ಅಂತ ಇಟ್ಟುಬಿಟ್ಟಳು. ಮಗುವಿಗೆ ಹಸಿವು, ಆಮೇಲೆ ಮಾತಾಡುತ್ತೇನೆ.

ಕೋಲು ಹಿಡಿದು ನಿಂತೇ ಇದ್ದೆ. ಪಸಿ. ಹಳೇ ಮೆಸೇಜ್ ತೆಗೆದು ಕಿವಿಗೆ ಒತ್ತಿ ನಾಲ್ಕು ಸಲ ಕೇಳಿದೆ. ಪಾಸಿ ಅಲ್ಲ. ಪಸಿ. ಅದಕ್ಕೆ ಹಸಿವೇ ಇರಬಾರದು ಅಂದಿದ್ದಳು ಆ ಹುಡುಗಿ.

ಕಾಲು ಗಂಟೆ ಬಿಟ್ಟು ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಅವಳು ತನಗೆ ಬರುವಷ್ಟು ಕನ್ನಡದಲ್ಲಿ, ಮತ್ತೆ ತಪ್ಪಾಗಬಾರದೆಂದು ಇರಬೇಕು, ಒಂದೊಂದೇ ಪದ ಇಟ್ಟು ಹೇಳಿದಳು: ಪಾಚಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರುತ್ತದೆ, ಅದೇ ಅದರ ಊಟ. ಎಲ್ಲಾ ಉಜ್ಜಿಬಿಟ್ರಾ ಅಂತ ಕೇಳಿದಳು. ಹಿಂದಿನ ಗಾಜು ಬಿಟ್ಟು ಅಂದೆ. ಬಗ್ಗಿ ನೋಡಿದರೆ ಮೀನು ಅಲ್ಲೇ ಅಂಟಿಕೊಂಡು ಕುಟುಕುತ್ತಿತ್ತು.

"ಅದು ಮುಟ್ಟಬೇಡಿ ಮಾವ. ನಾನು ಬೆಂಗಳೂರಿಂದ ಹುಳದ ಬಾಟ್ಲಿ ತರಿಸ್ತೀನಿ."

ಬ್ರಶ್ ಬಿಚ್ಚಿ ಕಸಕ್ಕೆ ಹಾಕಿದೆ. ಇನ್ನು ಮೇಲೆ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಮ್ಮ ಅಂದೆ.

ಅವಳು ಕೇಳಿದಳು: "ಪಸಿಗೆ ಕನ್ನಡದಲ್ಲಿ ಏನಂತಾರೆ, ಮಾವ?"

ಮೂರು ವರ್ಷದಿಂದ ನಮ್ಮ ಮನೆಯಲ್ಲಿದ್ದಳು. ಆ ಪದ ಅವಳಿಗೆ ನಾನು ಈಗ ಹೇಳಿಕೊಟ್ಟೆ.